ಹರಳಿಗಿಂತ ಮೊದಲು ಲೋಹ: ದುಬಾರಿ ಗಡಿಯಾರಗಳಲ್ಲಿ ರತ್ನ ಕೂರಿಸುವ ಕಲೆ

ಕರಾವಳಿಯ ಜನರಿಗೆ ವಜ್ರ ಹೊಸದೇನೂ ಅಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಏಳು ಕಲ್ಲಿನ ಬೆಂಡೋಲೆ, ಒಂಟಿ ಹರಳಿನ ಮೂಗುತಿ, ಉಡುಪಿಯ ಕೃಷ್ಣನಿಗೆ ವಿಶೇಷ ದಿನಗಳಲ್ಲಿ ತೊಡಿಸುವ ವಜ್ರಕವಚ, ಇವೆಲ್ಲ ನಮ್ಮ ಕಣ್ಣಿಗೆ ಪಳಗಿದ ಸಂಗತಿಗಳು. ಮಂಗಳೂರು ಮತ್ತು ಉಡುಪಿಯ ರಥಬೀದಿಗಳ ಅಂಗಡಿಗಳಲ್ಲಿ ಚಿನ್ನವನ್ನು ಪವನ್ ಲೆಕ್ಕದಲ್ಲಿ, ವಜ್ರವನ್ನು ಸೆಂಟ್ (ಕ್ಯಾರೆಟ್ಟಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಾತನಾಡುವುದು ಇಲ್ಲಿನ ರೂಢಿ. ಆದ್ದರಿಂದಲೇ ಮದುವೆ ಮನೆಯಲ್ಲಿ ದುಬೈಯಿಂದಲೋ ದೋಹಾದಿಂದಲೋ ಬಂದ ನೆಂಟರ ಕೈಯಲ್ಲಿ ಹರಳು ತುಂಬಿದ ಗಡಿಯಾರ ಕಂಡಾಗ ನಾವು ಮೊದಲು ಕೇಳುವುದು ‘ಎಷ್ಟು ಕ್ಯಾರೆಟ್?’ ಎಂದು. ಬೆಂಡೋಲೆಗೆ ಪೂರ್ತಿಯಾಗಿ ಸಲ್ಲುವ ಈ ಪ್ರಶ್ನೆ ಗಡಿಯಾರಕ್ಕೆ ಅರ್ಧದಷ್ಟೇ ಸಲ್ಲುತ್ತದೆ. ಗಡಿಯಾರದಲ್ಲಿ ಹರಳಿನ ತೂಕಕ್ಕಿಂತ ಆ ಹರಳನ್ನು ಹಿಡಿದಿರುವ ಲೋಹದ ಕೆಲಸವೇ ಹೆಚ್ಚು ಬೆಲೆಬಾಳುವ ಸಂದರ್ಭಗಳು ಬಹಳ, ಮತ್ತು ಕೆಲಸದ ಹೆಚ್ಚುಗಾರಿಕೆಯನ್ನು ಅಳೆಯಬೇಕಾದದ್ದೂ ಆ ಲೋಹದಲ್ಲಿಯೇ.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ನಮ್ಮ ತಂದೆಯವರ ಕಾಲದ ಎಚ್‌ಎಂಟಿ ಜನತಾ ಗಡಿಯಾರದ ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತಿತ್ತು. ಆ ಹದಿನೇಳು ಕಲ್ಲುಗಳು ಅಲಂಕಾರದವಲ್ಲ. ತಿರುಗುವ ಚಕ್ರಗಳ ಅಚ್ಚಿನ ತುದಿಗಳು ಲೋಹಕ್ಕೆ ಉಜ್ಜಿ ಸವೆಯದಂತೆ, ಕಡಿಮೆ ಎಣ್ಣೆಯಲ್ಲಿಯೂ ನುಣುಪಾಗಿ ತಿರುಗುವಂತೆ ಇಟ್ಟ ಕೆಂಪಿನ, ಅಂದರೆ ಮಾಣಿಕ್ಯದ, ಕಲ್ಲಿನ ಪುಟ್ಟ ಬೇರಿಂಗುಗಳು ಅವು. ಕಲ್ಲಿಗೆ ರಂಧ್ರ ಕೊರೆದು ಗಡಿಯಾರದಲ್ಲಿ ಬಳಸುವ ಈ ಉಪಾಯಕ್ಕೆ 1704ರಲ್ಲಿ ಲಂಡನ್ನಿನಲ್ಲಿ ನಿಕೊಲಾ ಫಾಸಿಯೊ ಮತ್ತು ಡೆಬಾಫ್ರ್ ಸಹೋದರರು ಪೇಟೆಂಟ್ ಪಡೆದರು. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನೂಯಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಕೃತಕ ಕೆಂಪನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಈ ಕಲ್ಲುಗಳು ಅತ್ಯಂತ ಅಗ್ಗವಾದವು. ಹಾಗಾಗಿ ಒಳಯಂತ್ರದ ‘ಜ್ಯುವೆಲ್’ ಎಷ್ಟಿದ್ದರೂ ಅದಕ್ಕೆ ಆಭರಣದ ಬೆಲೆಯಿಲ್ಲ. ಈ ಲೇಖನ ಹೇಳಹೊರಟಿರುವುದು ಹೊರಗೆ ಕಾಣುವ ಹರಳುಗಳ ವಿಷಯ.

ಹೊರಗಿನ ಅಲಂಕಾರಕ್ಕೂ ಗಡಿಯಾರಕ್ಕೂ ನಂಟು ಬೆಳೆದ ಬಗೆ ಕುತೂಹಲಕರವಾಗಿದೆ. 1541ರಲ್ಲಿ ಕ್ರೈಸ್ತ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಜಿನೀವಾಕ್ಕೆ ಮರಳಿದ ನಂತರ ಆ ನಗರದಲ್ಲಿ ಆಡಂಬರದ ಒಡವೆಗಳ ಮೇಲೆ ಕಟ್ಟುನಿಟ್ಟಿನ ನಿಯಮಗಳು ಬಂದವು. ಕೈಯಲ್ಲಿ ಕಸುಬಿದ್ದು ಕೆಲಸವಿಲ್ಲದಂತಾದ ಅಕ್ಕಸಾಲಿಗರು, ಫ್ರಾನ್ಸಿನಿಂದ ಧಾರ್ಮಿಕ ಕಿರುಕುಳಕ್ಕೆ ಹೆದರಿ ಓಡಿಬಂದಿದ್ದ ಗಡಿಯಾರಗಾರರೊಡನೆ ಸೇರಿದರು. ಏಕೆಂದರೆ ಗಡಿಯಾರ ಉಪಯೋಗದ ವಸ್ತು, ಅದಕ್ಕೆ ನಿಷೇಧವಿರಲಿಲ್ಲ. 1601ರ ಹೊತ್ತಿಗೆ ಅಲ್ಲಿ ಗಡಿಯಾರಗಾರರದೇ ಒಂದು ಸಂಘ ಸ್ಥಾಪನೆಯಾಯಿತು. ಕೆತ್ತನೆ, ಬಣ್ಣದ ಗಾಜಿನ ಲೇಪ, ಹರಳಿನ ಕೆಲಸ ಇವೆಲ್ಲ ಸ್ವಿಸ್ ಗಡಿಯಾರಕ್ಕೆ ಅಂಟಿಕೊಂಡಿರುವುದಕ್ಕೆ ಅಕ್ಕಸಾಲಿಗರ ಆ ವಲಸೆಯೂ ಒಂದು ಕಾರಣ. ಅದೇ ಕಾಲದ ಇನ್ನೊಂದು ಸಾಕ್ಷಿ ಲಂಡನ್ನಿನಲ್ಲಿದೆ. 1912ರಲ್ಲಿ ಅಲ್ಲಿನ ಚೀಪ್‌ಸೈಡ್ ಬೀದಿಯ ಕಟ್ಟಡವೊಂದನ್ನು ಕೆಡವುವಾಗ ಹೂತಿಟ್ಟಿದ್ದ ಒಡವೆಗಳ ನಿಧಿ ಸಿಕ್ಕಿತು. ಅದರಲ್ಲಿ ಕೊಲಂಬಿಯಾದ ಒಂದೇ ದೊಡ್ಡ ಪಚ್ಚೆಯನ್ನು ಕೊರೆದು ಅದರ ಹೊಟ್ಟೆಯೊಳಗೆ ಯಂತ್ರವನ್ನು ಕೂರಿಸಿದ, ಸುಮಾರು 1600ರ ಗಡಿಯಾರವೊಂದಿತ್ತು. ಅಲ್ಲಿ ಗಡಿಯಾರದ ಕೇಸೇ ರತ್ನ.

ಆಭರಣಕ್ಕೆ ಹರಳು ಕೂರಿಸುವುದಕ್ಕೂ ಗಡಿಯಾರಕ್ಕೆ ಕೂರಿಸುವುದಕ್ಕೂ ಇರುವ ವ್ಯತ್ಯಾಸ ಜಾಗದ್ದು. ಉಂಗುರದಲ್ಲಿ ಹರಳು ಎತ್ತರವಾಗಿ ನಿಂತರೆ ಅದು ಚೆಂದ; ಹಿಂಬದಿಯನ್ನು ತೆರೆದುಬಿಟ್ಟರೆ ಬೆಳಕು ಒಳಗೆ ಬರುತ್ತದೆ, ತೊಳೆಯುವುದೂ ಸುಲಭ. ಗಡಿಯಾರದಲ್ಲಿ ಈ ಸ್ವಾತಂತ್ರ್ಯವಿಲ್ಲ. ಡಯಲ್ ಮೇಲಿನ ಹರಳು ಸ್ವಲ್ಪ ಎತ್ತರವಾದರೂ ಗಂಟೆಯ ಮುಳ್ಳಿಗೆ ತಾಗಿ ಗಡಿಯಾರವೇ ನಿಲ್ಲುತ್ತದೆ. ಕೇಸಿನ ಗೋಡೆಯನ್ನು ಆಚೆಯವರೆಗೆ ಕೊರೆದರೆ ನೀರು ಒಳಗಿಳಿಯುತ್ತದೆ. ಮೇಲೆ ಗಾಜು, ಕೆಳಗೆ ಯಂತ್ರ, ನಡುವೆ ಒಂದೆರಡು ಮಿಲಿಮೀಟರ್ ಲೋಹ. ಹರಳಿನ ಪೂರ್ತಿ ಆಳವನ್ನು ಅಷ್ಟರೊಳಗೆ ಹೊಂದಿಸಬೇಕು. ದುಂಡಗೆ ಕತ್ತರಿಸಿದ ವಜ್ರ ಚೆನ್ನಾಗಿ ಹೊಳೆಯಬೇಕಾದರೆ ಅದರ ಆಳ ವ್ಯಾಸದ ಸುಮಾರು ನೂರಕ್ಕೆ ಅರುವತ್ತರಷ್ಟಿರಬೇಕು. ವಜ್ರದ ವಕ್ರೀಭವನ ಸೂಚ್ಯಂಕ 2.42, ಮೇಲಿನಿಂದ ಹೊಕ್ಕ ಬೆಳಕು ಕೆಳಗಿನ ಇಳಿಜಾರು ಮುಖಗಳಿಗೆ ಬಡಿದು ಪೂರ್ತಿಯಾಗಿ ಹಿಂದಿರುಗುವುದು ಆ ಇಳಿಜಾರು ಸರಿಯಾದ ಕೋನದಲ್ಲಿದ್ದಾಗ ಮಾತ್ರ. ಆಳ ಉಳಿಸಲೆಂದು ಚಪ್ಪಟೆಯಾಗಿ ಕತ್ತರಿಸಿದರೆ ಬೆಳಕು ಕೆಳಗಿನಿಂದ ಸೋರಿಹೋಗಿ ಕಲ್ಲಿನ ನಡುಭಾಗ ಮಂಕಾಗುತ್ತದೆ. ತೆಳುವಾದ ಗಡಿಯಾರಕ್ಕೆ ಹೊಳೆಯುವ ಹರಳನ್ನು ಹಾಕುವುದು ಎರಡು ವಿರುದ್ಧ ಬೇಡಿಕೆಗಳ ನಡುವಿನ ಹೊಂದಾಣಿಕೆ.

ಆದ್ದರಿಂದಲೇ ತೆಳು ಯಂತ್ರಗಳ ಚರಿತ್ರೆಗೂ ರತ್ನಖಚಿತ ಗಡಿಯಾರಗಳ ಚರಿತ್ರೆಗೂ ಬಿಡಿಸಲಾಗದ ಸಂಬಂಧವಿದೆ. ಜೇಗರ್-ಲಕೂಲ್ತ್ರ್ ಸಂಸ್ಥೆ 1929ರಲ್ಲಿ ತಂದ ಕ್ಯಾಲಿಬರ್ 101 ಎಂಬ ಯಂತ್ರದ ತೂಕ ಸುಮಾರು ಒಂದು ಗ್ರಾಂ. ಒಳಗೆ ಅಷ್ಟು ಕಡಿಮೆ ಜಾಗ ಸಾಕಾದ್ದರಿಂದ ಹೊರಗೆ ಆಭರಣಕಾರನಿಗೆ ಕೈಬಿಚ್ಚಿ ಕೆಲಸ ಮಾಡಲು ಸಾಧ್ಯವಾಯಿತು. 1953ರ ಪಟ್ಟಾಭಿಷೇಕದಂದು ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೊಟ್ಟಿದ್ದು ಈ ಯಂತ್ರವಿದ್ದ ವಜ್ರಖಚಿತ ಗಡಿಯಾರವನ್ನೇ. ಪಿಯಾಜೆ ಸಂಸ್ಥೆ 1957ರಲ್ಲಿ ಕೇವಲ 2 ಮಿಲಿಮೀಟರ್ ದಪ್ಪದ 9ಪಿ ಯಂತ್ರವನ್ನು ತಂದಿತು. ಹಾಗೆ ಉಳಿದ ಜಾಗದಲ್ಲಿ 1960ರ ದಶಕದಲ್ಲಿ ಲ್ಯಾಪಿಸ್, ಮ್ಯಾಲಕೈಟ್, ಓನಿಕ್ಸ್ ಮೊದಲಾದ ಕಲ್ಲುಗಳ ತೆಳು ಬಿಲ್ಲೆಗಳನ್ನೇ ಡಯಲ್ ಆಗಿ ಬಳಸುವುದು ಅದಕ್ಕೆ ಸಾಧ್ಯವಾಯಿತು.

ಇನ್ನು ಕೂರಿಸುವ ವಿಧಾನಗಳು. ನಮ್ಮ ಒಡವೆಗಳಲ್ಲಿ ಪ್ರಾಂಗ್ ಎಂದು ಕರೆಯುವ ಲೋಹದ ಉಗುರುಗಳ ಹಿಡಿತವೂ, ಹರಳಿನ ಸುತ್ತ ಲೋಹದ ಅಂಚನ್ನು ಒತ್ತಿ ಮುಚ್ಚುವ ಹಿಡಿತವೂ ಗಡಿಯಾರದಲ್ಲೂ ಇವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಡಿಯಾರದ ನಿಜವಾದ ದುಡಿಮೆ ಕಾಣುವುದು ಗುಂಡು ಹಿಡಿತದಲ್ಲಿ. ಕೇಸಿನ ಪಕ್ಕೆ, ಪಟ್ಟಿ ಸೇರುವ ಕಿವಿಗಳು, ಡಯಲ್, ಇಲ್ಲೆಲ್ಲ ಒತ್ತೊತ್ತಾಗಿ ಹರಡಿಕೊಂಡಿರುವ ಸಣ್ಣ ವಜ್ರಗಳು ಬಹುತೇಕ ಈ ವಿಧಾನದವು.

ಕೆಲಸ ಸಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಂತ್ರವನ್ನು ಹೊರತೆಗೆದ ಖಾಲಿ ಕೇಸನ್ನು ಅಲುಗಾಡದಂತೆ ಗಟ್ಟಿಯಾಗಿ ಬಿಗಿದಿಡುತ್ತಾರೆ. ನಮ್ಮಲ್ಲಿ ಅಕ್ಕಸಾಲಿಗರು ಒಡವೆಯನ್ನು ಅರಗಿನ ಮೇಲೆ ಕೂರಿಸಿ ಕೆಲಸ ಮಾಡುವ ಹಾಗೆಯೇ ಅಲ್ಲಿಯೂ ಸಣ್ಣ ಭಾಗಗಳನ್ನು ಬಿಸಿ ಮಾಡಿದ ಅರಗಿನಂಥ ಅಂಟಿನಲ್ಲಿ ನಿಲ್ಲಿಸುವ ಪದ್ಧತಿಯಿದೆ. ಮೊದಲು ರಂಧ್ರ, ಇದನ್ನು ಈಗ ಬಹುಮಟ್ಟಿಗೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ಕೊರೆಯುತ್ತದೆ. ನಂತರ ಹರಳಿನ ನಡುವಿನ ಅಂಚು ಸರಿಯಾಗಿ ಕೂರುವಂತೆ ಆ ರಂಧ್ರದ ಬಾಯಲ್ಲಿ ಒಂದು ಪೀಠವನ್ನು ಕಡೆಯಬೇಕು. ಹರಳನ್ನು ಅದರೊಳಗೆ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಅದರ ಮೇಲ್ಮುಖ ಅಕ್ಕಪಕ್ಕದ ಹರಳುಗಳ ಮೇಲ್ಮುಖದೊಂದಿಗೆ ಒಂದೇ ಮಟ್ಟದಲ್ಲಿದೆಯೇ ಎಂದು ಪರೀಕ್ಷಿಸಬೇಕು. ಸ್ವಲ್ಪ ವಾಲಿದ್ದರೆ ತೆಗೆದು, ಪೀಠವನ್ನು ತಿದ್ದಿ, ಮತ್ತೆ ಇಳಿಸಬೇಕು. ಸರಿಯಾಗಿ ಕೂತಿತೆಂದಾದ ಮೇಲೆ ಚೂಪಾದ ಉಳಿಯಿಂದ ಪಕ್ಕದ ಚಿನ್ನವನ್ನು ತಳ್ಳಿ, ಲೋಹದ ಪುಟ್ಟ ಎಸಳೊಂದನ್ನು ಎಬ್ಬಿಸಿ ಹರಳಿನ ಅಂಚಿನ ಮೇಲೆ ಬಾಗಿಸುತ್ತಾರೆ. ಕೊನೆಗೆ, ತುದಿಯಲ್ಲಿ ಗುಳಿಯಿರುವ ಉಪಕರಣವನ್ನು ಆ ಎಸಳಿನ ಮೇಲಿಟ್ಟು ಒತ್ತಿ ಉರುಳಿಸಿದಾಗ ಅದು ದುಂಡಗಿನ, ಮಿರುಗುವ ಚಿನ್ನದ ಗುಂಡಾಗುತ್ತದೆ. ಇಂಥ ಮೂರೋ ನಾಲ್ಕೋ ಗುಂಡುಗಳು ಸೇರಿ ಒಂದು ಹರಳನ್ನು ಹಿಡಿಯುತ್ತವೆ. ಉಳಿ ತುಸು ಜಾರಿದರೆ ಎಸಳು ತುಂಡಾಗುತ್ತದೆ. ಒಮ್ಮೆ ತೆಗೆದ ಲೋಹವನ್ನು ಅಲ್ಲಿಗೆ ಮತ್ತೆ ಸೇರಿಸುವುದು ಸುಲಭವಲ್ಲ.

ಇಲ್ಲಿ ಕ್ಯಾರೆಟ್ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆಂದು ನೋಡಿ. ಒಂದು ಮಿಲಿಮೀಟರ್ ವ್ಯಾಸದ ದುಂಡು ವಜ್ರದ ತೂಕ ಸುಮಾರು ಅರ್ಧ ಸೆಂಟ್. ಅಂಥ ಇನ್ನೂರು ಹರಳು ಕೂರಿಸಿದರೆ ಒಟ್ಟು ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ಒಂದು ಕ್ಯಾರೆಟ್ಟಿನ ಒಂಟಿ ವಜ್ರವನ್ನು ಉಂಗುರಕ್ಕೆ ಕೂರಿಸಲು ನಾಲ್ಕು ಉಗುರುಗಳನ್ನು ಬಾಗಿಸಿದರೆ ಮುಗಿಯಿತು. ಅಷ್ಟೇ ತೂಕದ ಸಣ್ಣ ವಜ್ರಗಳನ್ನು ಗಡಿಯಾರಕ್ಕೆ ಕೂರಿಸಲು ಇನ್ನೂರು ರಂಧ್ರ, ಇನ್ನೂರು ಪೀಠ, ಎಂಟುನೂರರವರೆಗೆ ಗುಂಡುಗಳು ಬೇಕು. ಕಲ್ಲಿನ ಬೆಲೆ ನೋಡಿದರೆ ಒಂಟಿ ವಜ್ರವೇ ಎಷ್ಟೋ ಪಾಲು ದುಬಾರಿ. ಕೈಕೆಲಸವನ್ನು ನೋಡಿದರೆ ಎರಡಕ್ಕೂ ಅಜಗಜಾಂತರ.

ಗುಂಡು ಹಿಡಿತದಲ್ಲಿ ಹರಳುಗಳ ನಡುವೆ ಲೋಹ ಕಾಣುತ್ತದೆ. ಉದ್ದನೆಯ ಚೌಕಾಕಾರದ ಬ್ಯಾಗೆಟ್ ಹರಳುಗಳನ್ನು ಗಾಜಿನ ಸುತ್ತಲಿನ ಉಂಗುರದಲ್ಲಿ, ಅಂದರೆ ಬೆಜೆಲ್‌ನಲ್ಲಿ, ಸಾಲಾಗಿ ಜೋಡಿಸುವಾಗ ಹಾಗಲ್ಲ. ಒಳಗೆ ಹೊರಗೆ ಎರಡು ಲೋಹದ ದಂಡೆಗಳ ನಡುವಿನ ಕಾಲುವೆಯಲ್ಲಿ ಹರಳಿಗೆ ಹರಳು ತಾಗಿಕೊಂಡು ನಿಲ್ಲುತ್ತದೆ. ರೋಲೆಕ್ಸ್ 2012ರಲ್ಲಿ ತಂದ ಕಾಮನಬಿಲ್ಲಿನ ಬಣ್ಣಗಳ ಡೇಟೋನಾ ಇದಕ್ಕೆ ಪ್ರಸಿದ್ಧ ಉದಾಹರಣೆ; ಅದರ ಬೆಜೆಲ್ ಮೇಲೆ ಬಣ್ಣದಿಂದ ಬಣ್ಣಕ್ಕೆ ಮೆಲ್ಲನೆ ಹೊರಳುವ 36 ನೀಲ ಜಾತಿಯ ಹರಳುಗಳಿವೆ. ನೀಲವೆಂದರೆ ನೀಲಿ ಬಣ್ಣದ್ದೇ ಆಗಬೇಕೆಂದಿಲ್ಲ. ಅದೇ ಕೊರಂಡಂ ಖನಿಜ ಹಳದಿ, ಕಿತ್ತಳೆ, ಗುಲಾಬಿ, ಹಸಿರು ಬಣ್ಣಗಳಲ್ಲೂ ದೊರೆಯುತ್ತದೆ, ಕೆಂಪಾದರೆ ಮಾಣಿಕ್ಯವೆನಿಸುತ್ತದೆ.

ಈ ಜೋಡಣೆಯ ಕಷ್ಟವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಕಾಲುವೆಯ ಒಳ ಅಂಚಿನ ವ್ಯಾಸ 32 ಮಿಲಿಮೀಟರ್, ಹೊರ ಅಂಚಿನದು 38 ಎಂದಿಟ್ಟುಕೊಳ್ಳೋಣ. 36 ಹರಳುಗಳಲ್ಲಿ ಹಂಚಿದರೆ ಪ್ರತಿ ಹರಳಿನ ಒಳಬದಿ ಸುಮಾರು 2.8 ಮಿಲಿಮೀಟರ್, ಹೊರಬದಿ ಸುಮಾರು 3.3 ಮಿಲಿಮೀಟರ್ ಅಗಲವಿರಬೇಕು. ಅಂದರೆ ಯಾವ ಹರಳೂ ನೇರ ಚೌಕವಲ್ಲ. ಪ್ರತಿಯೊಂದನ್ನೂ ಒಂದು ಕಡೆಗೆ ಕಿರಿದಾಗುವಂತೆ, ಅದೇ ಕೋನದಲ್ಲಿ ಕತ್ತರಿಸಬೇಕು. ಈಗ ಪ್ರತಿ ಹರಳೂ ಬರೇ 0.02 ಮಿಲಿಮೀಟರ್ ದೊಡ್ಡದಾಯಿತೆನ್ನಿ. ಒಂದರಲ್ಲಿ ಅದು ಕೂದಲೆಳೆಗಿಂತಲೂ ಕಡಿಮೆ. ಆದರೆ ಮೂವತ್ತಾರು ಕೂಡಿದರೆ 0.72 ಮಿಲಿಮೀಟರ್. ಕೊನೆಯ ಹರಳಿಗೆ ಅದರ ಅಗಲದ ಕಾಲುಭಾಗದಷ್ಟು ಜಾಗ ಕಡಿಮೆ ಬೀಳುತ್ತದೆ. ಸಣ್ಣದಾದರೆ ಅಷ್ಟೇ ಅಗಲದ ಸಂದು ಬಾಯಿಬಿಡುತ್ತದೆ. ರೋಲೆಕ್ಸ್ ತನ್ನ ಹರಳು ಕೂರಿಸುವ ಕೆಲಸದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲವೆಂದು ಹೇಳುವುದು ಈ ಕಾರಣಕ್ಕೆ. ಅಷ್ಟರ ಮೇಲೆ ಬಣ್ಣದ ಹೊಂದಿಕೆ ಬೇರೆ: ಒಂದು ಹರಳು ಒಡೆದರೆ ಅಳತೆ, ಕೋನ, ಬಣ್ಣದ ಛಾಯೆ ಮೂರೂ ಒದಗುವ ಇನ್ನೊಂದನ್ನು ಹುಡುಕಬೇಕು.

ಬ್ಯಾಗೆಟ್ ಹರಳಿನ ಇನ್ನೊಂದು ಗುಣವನ್ನು ಕೊಳ್ಳುವವರು ತಿಳಿದಿರಬೇಕು. ದುಂಡು ಹರಳಿನ 57 ಮುಖಗಳು ಬೆಳಕನ್ನು ಚೂರು ಚೂರು ಮಾಡಿ ಚಿಮ್ಮಿಸುವುದರಿಂದ ಒಳಗಿನ ಸಣ್ಣ ಕುಂದುಗಳು ಆ ಮಿಂಚಿನಲ್ಲಿ ಮರೆಯಾಗುತ್ತವೆ. ಬ್ಯಾಗೆಟ್‌ನಲ್ಲಿ ಮೆಟ್ಟಿಲುಗಳಂತೆ ಕೆಲವೇ ಅಗಲವಾದ ಮುಖಗಳಿರುವುದರಿಂದ ಒಳಗಿನ ಚುಕ್ಕೆ, ಗೆರೆ, ಮಸುಕು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹೆಚ್ಚು ಮಿನುಗದ ಈ ಹರಳಿಗೆ ಹೆಚ್ಚು ಶುದ್ಧವಾದ ಕಲ್ಲೇ ಬೇಕು. ಹಳೆಯ ಮತ್ತು ಅಗ್ಗದ ಗಡಿಯಾರಗಳ ಸಣ್ಣ ದುಂಡು ವಜ್ರಗಳಲ್ಲಿ 57ರ ಬದಲು 17 ಮುಖಗಳಷ್ಟೇ ಇರುವುದುಂಟು. ಅವು ಒಂದೆರಡು ಕಡೆಯಿಂದ ಬೆಳ್ಳಗೆ ಫಳಕ್ಕೆಂದರೂ ಕೈ ತಿರುಗಿಸಿದಂತೆ ಸತತವಾಗಿ ಮಿನುಗುವುದಿಲ್ಲ.

ಲೋಹವೇ ಕಾಣದಂತೆ ಕೂರಿಸುವ ವಿಧಾನಕ್ಕೆ ಪ್ಯಾರಿಸ್ಸಿನ ವಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ 1933ರಲ್ಲಿ ಪೇಟೆಂಟ್ ಪಡೆಯಿತು. ಹರಳಿನ ಪಕ್ಕೆಗಳಲ್ಲಿಯೇ ಸಣ್ಣ ತೋಡುಗಳನ್ನು ಕೊರೆದು, ಅಡಿಯಲ್ಲಿರುವ ತೆಳು ಚಿನ್ನದ ಹಳಿಗಳ ಮೇಲೆ ಒಂದೊಂದನ್ನೇ ಜಾರಿಸುವುದು ಇದರ ಗುಟ್ಟು. ಮೇಲಿನಿಂದ ನೋಡಿದರೆ ಕೆಂಪೋ ನೀಲವೋ ಅಖಂಡವಾಗಿ ಹಾಸಿದಂತಿರುತ್ತದೆ. ಹಳಿಗೆ ಹೊಂದುವಂತೆ ಕಲ್ಲನ್ನು ಕೊರೆಯುವಾಗಲೇ ಅನೇಕ ಹರಳುಗಳು ಬಿರುಕುಬಿಡುವುದರಿಂದ ಇದು ಅತಿ ದುಬಾರಿಯಾದ ವಿಧಾನಗಳಲ್ಲೊಂದು.

ಇದಕ್ಕೆ ತದ್ವಿರುದ್ಧವಾದದ್ದು ಹಿಮ ಹಿಡಿತ. ಈ ಶತಮಾನದ ಆರಂಭದಲ್ಲಿ ಜೇಗರ್-ಲಕೂಲ್ತ್ರ್ ಪ್ರಚಾರಕ್ಕೆ ತಂದ ಈ ವಿಧಾನದಲ್ಲಿ ಹರಳುಗಳು ಬೇರೆ ಬೇರೆ ಗಾತ್ರದವು, ಅವುಗಳಿಗೆ ಸಾಲೂ ಇಲ್ಲ. ದೊಡ್ಡ ಹರಳುಗಳ ನಡುವಿನ ಸಂದಿಗೆ ಸಣ್ಣದು, ಅದರ ಸಂದಿಗೆ ಇನ್ನೂ ಸಣ್ಣದು ಹೀಗೆ ಲೋಹ ಮುಚ್ಚಿಹೋಗುವವರೆಗೆ ತುಂಬುತ್ತ ಹೋಗುತ್ತಾರೆ. ಮುಂದಿನ ಹರಳು ಯಾವುದು, ಎಲ್ಲಿ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ, ಕೂರಿಸುವವನ ಕಣ್ಣೇ ಹೇಳಬೇಕು. ಬ್ಯಾಗೆಟ್ ಬೆಜೆಲ್‌ನ ನಿಖರತೆಯನ್ನು ನಾನು ಗೌರವಿಸುತ್ತೇನೆ. ಆದರೂ ಒಬ್ಬ ಮನುಷ್ಯನ ಕೈ ಇಲ್ಲಿ ಓಡಾಡಿದೆಯೆಂಬುದು ಹಿಮ ಹಿಡಿತದಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಒಂದೇ ವಿನ್ಯಾಸದ ಎರಡು ಗಡಿಯಾರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹರಳುಗಳ ಹಾಸು ಒಂದರಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ.

ಯಾವ ವಿಧಾನವೇ ಆದರೂ ಲೋಹದ ಗುಣ ಮುಖ್ಯ. 18 ಕ್ಯಾರೆಟ್ ಚಿನ್ನ ಉಳಿಗೆ ಬಗ್ಗುವಷ್ಟು ಮೃದು, ಹರಳನ್ನು ವರ್ಷಗಟ್ಟಲೆ ಹಿಡಿಯುವಷ್ಟು ಗಟ್ಟಿ. ನಮ್ಮ ಒಡವೆಗಳ 22 ಕ್ಯಾರೆಟ್ ಚಿನ್ನ ಇದಕ್ಕೆ ತೀರ ಮೃದುವಾಯಿತು. ಉಕ್ಕಿನಲ್ಲಿ ಹರಳು ಕೂರಿಸುವುದು ಇನ್ನೂ ಕಷ್ಟ. ಲೋಹ ಬಗ್ಗದೆ ಹರಳಿನ ಮೇಲೆಯೇ ಒತ್ತಡ ಬೀಳುತ್ತದೆ. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಕೆಂಪು ಮತ್ತು ನೀಲಕ್ಕೆ 9, ಪಚ್ಚೆಗೆ ಸುಮಾರು ಏಳೂವರೆಯಿಂದ 8. ಆದರೆ ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ವಜ್ರಕ್ಕೂ ಸೀಳುವ ದಿಕ್ಕುಗಳಿವೆ. ಬ್ಯಾಗೆಟ್‌ನ ಚೂಪು ಮೂಲೆಗೆ ಉಳಿಯ ಒತ್ತಡ ತಪ್ಪಾಗಿ ಬಿದ್ದರೆ ಅದು ಚಕ್ಕೆ ಏಳುತ್ತದೆ. ಹುಟ್ಟಿನಿಂದಲೇ ಒಳಬಿರುಕುಗಳಿರುವ ಪಚ್ಚೆಯನ್ನು ಕೂರಿಸುವಾಗಲಂತೂ ಕುಶಲಕರ್ಮಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರುತ್ತಾರೆ.

ಹರಳಿನ ಜೊತೆಗೆ ಬರುವ ಉಳಿದ ಅಲಂಕಾರಗಳನ್ನು ಇಲ್ಲಿ ಚುಟುಕಾಗಿ ಹೇಳಬಹುದು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಲೋಹದ ಮೇಲೆ ಅಲೆ, ಕಿರಣ, ಹೆಣಿಗೆಯಂಥ ಸೂಕ್ಷ್ಮ ಗೆರೆಗಳನ್ನು ಕೊರೆಯುವ ಗಿಯೋಶೆ ಕೆಲಸವನ್ನು ಗಡಿಯಾರಗಾರ ಅಬ್ರಹಾಂ-ಲೂಯಿ ಬ್ರೆಗೆ 1786ರ ಸುಮಾರಿಗೆ ಡಯಲ್‌ಗಳಿಗೆ ತಂದ. ಅದು ಚೆಂದಕ್ಕಷ್ಟೇ ಅಲ್ಲದೆ ಡಯಲ್‌ನ ಕಣ್ಣು ಕೋರೈಸುವ ಹೊಳಪನ್ನು ತಗ್ಗಿಸಿ ಮುಳ್ಳುಗಳು ಸ್ಪಷ್ಟವಾಗಿ ಕಾಣಲು ನೆರವಾಯಿತು. ಎನಾಮಲ್ ಎಂದರೆ ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಬಿಸಿಯ ಕುಲುಮೆಯಲ್ಲಿ ಕರಗಿಸುವುದು. ಒಂದು ಡಯಲ್ ಹಲವು ಬಾರಿ ಕುಲುಮೆಗೆ ಹೋಗಿ ಬರುತ್ತದೆ. ಕೊನೆಯ ಸುತ್ತಿನಲ್ಲಿ ಬಿರುಕು ಕಂಡರೂ ಹಿಂದಿನ ಕೆಲಸವೆಲ್ಲ ವ್ಯರ್ಥ. ಒಂದೇ ಡಯಲ್‌ನಲ್ಲಿ ಎನಾಮಲ್ ಮತ್ತು ವಜ್ರ ಎರಡೂ ಇದ್ದರೆ ಎನಾಮಲ್ ಮೊದಲು ಆಗಬೇಕು, ಏಕೆಂದರೆ ಅಷ್ಟು ಬಿಸಿಯಲ್ಲಿ ವಜ್ರದ ಮೇಲ್ಮೈ ಸುಟ್ಟು ಮಂಜಾಗುವ ಅಪಾಯವಿದೆ. ಆಗ ಹರಳು ಕೂರಿಸುವವನಿಗೆ ಎದುರಾಗುವುದು ಇನ್ನೊಂದು ಸಂಕಟ: ಪಕ್ಕದಲ್ಲೇ ಗಾಜಿದೆ, ಉಳಿಯನ್ನು ಸ್ವಲ್ಪ ಹೆಚ್ಚು ಒತ್ತಿದರೂ ಅದು ಸಿಡಿಯುತ್ತದೆ.

ನಮ್ಮ ಊರಿನಲ್ಲಿ ಇಂಥ ಗಡಿಯಾರವನ್ನು ಕೊಳ್ಳುವವರು, ಉಡುಗೊರೆಯಾಗಿ ಪಡೆದವರು ಪರೀಕ್ಷಿಸಬೇಕಾದದ್ದೇನು? ವಜ್ರದಂಗಡಿಗಳಲ್ಲಿ ಸಿಗುವ ಹತ್ತುಪಟ್ಟು ಹಿಗ್ಗಿಸುವ ಮಸೂರ ಸಾಕು. ಹರಳನ್ನು ಬಿಟ್ಟು ಗುಂಡುಗಳನ್ನು ನೋಡಿ: ಎಲ್ಲವೂ ಒಂದೇ ಗಾತ್ರದ್ದಾಗಿ, ದುಂಡಾಗಿ, ಹೊಳಪಾಗಿವೆಯೇ, ಅಥವಾ ಕೆಲವು ಚಪ್ಪಟೆಯಾಗಿ, ಕೆಲವು ಹರಳಿನಿಂದ ದೂರ ಸರಿದು ನಿಂತಿವೆಯೇ? ಗಡಿಯಾರವನ್ನು ಓರೆಯಾಗಿ ಹಿಡಿದು ಕಿಟಕಿಯ ಬೆಳಕನ್ನು ಹರಳುಗಳ ಮೇಲ್ಮುಖಗಳಲ್ಲಿ ಹಾಯಿಸಿ: ಒಂದೇ ಮಟ್ಟದಲ್ಲಿದ್ದರೆ ಬೆಳಕು ಎಲ್ಲದರಲ್ಲೂ ಒಟ್ಟಿಗೆ ಹೊಳೆಯುತ್ತದೆ, ವಾಲಿದ ಹರಳು ಮಾತ್ರ ಬೇರೆಯಾಗಿ ಮಿಂಚುತ್ತದೆ. ಹರಳುಗಳ ಮೇಲೆ ರೇಷ್ಮೆಯ ಎಳೆಯನ್ನು ಮೆಲ್ಲನೆ ಎಳೆದಾಗ ಸಿಕ್ಕಿಕೊಂಡರೆ ಎಲ್ಲೋ ಒಂದು ಹಿಡಿತ ಮೇಲೆದ್ದಿದೆಯೆಂದು ಅರ್ಥ. ಮದುವೆಗೆ ಉಟ್ಟ ಸೀರೆಯ ಸೆರಗಿಗೂ ಅದು ಅಪಾಯ, ಹರಳಿಗೂ ಅಪಾಯ.

ಕಂಪನಿಯಿಂದ ಸಾದಾ ಆಗಿ ಬಂದ ಗಡಿಯಾರಕ್ಕೆ ಹೊರಗಡೆ ವಜ್ರ ಕೂರಿಸಿಕೊಳ್ಳುವ ಆಸೆ ಕೆಲವರಿಗಿರುತ್ತದೆ. ನಮ್ಮ ಅಕ್ಕಸಾಲಿಗರ ಕೈಚಳಕದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಕೇಸಿನ ಗೋಡೆಯ ದಪ್ಪವನ್ನು ಹರಳಿಗಾಗಿ ಲೆಕ್ಕ ಹಾಕಿರುವುದಿಲ್ಲ. ಕೊರೆದಾಗ ಗೋಡೆ ತೆಳುವಾಗಿ ನೀರು ತಡೆಯುವ ಶಕ್ತಿ ಕುಂದಬಹುದು, ತಯಾರಕರ ವಾರಂಟಿಯೂ ಸಾಮಾನ್ಯವಾಗಿ ರದ್ದಾಗುತ್ತದೆ. ಮಾರುವ ಕಾಲಕ್ಕೆ ಹರಳಿಗೆ ಕೊಟ್ಟ ಹಣವೂ ಹಿಂದಿರುಗುವುದಿಲ್ಲ, ಬಹಳ ಸಲ ಗಡಿಯಾರದ ಮೂಲ ಬೆಲೆಯೇ ಇಳಿಯುತ್ತದೆ.

ಕರಾವಳಿಯ ಸೆಕೆ, ಬೆವರು, ಸಮುದ್ರದ ಉಪ್ಪುಗಾಳಿ ಇವು ಹರಳಿನ ಗಡಿಯಾರಕ್ಕೆ ಹಿತವಲ್ಲ. ವಜ್ರಕ್ಕೆ ಜಿಡ್ಡಿನ ಸೆಳೆತ ಹೆಚ್ಚು. ಗಣಿಗಳಲ್ಲಿ ಪುಡಿಮಾಡಿದ ಅದಿರನ್ನು ನೀರಿನೊಂದಿಗೆ ಗ್ರೀಸ್ ಬಳಿದ ಹಾಸಿನ ಮೇಲೆ ಹಾಯಿಸಿ, ಅಂಟಿಕೊಂಡ ವಜ್ರಗಳನ್ನು ಬೇರ್ಪಡಿಸುವ ಪದ್ಧತಿಯಿತ್ತು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟಿದರೆ ಹರಳಿನ ಮೇಲೆ ಪೊರೆ ಕಟ್ಟಿ ಕೆಲವೇ ದಿನಗಳಲ್ಲಿ ಮಂಕಾಗುವುದಕ್ಕೆ ಇದೇ ಕಾರಣ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಸಂದುಗಳ ಧೂಳನ್ನು ಒಣ ಮೃದು ಕುಂಚದಿಂದ ತೆಗೆದರೆ ಸಾಕು. ಪಚ್ಚೆಯಿದ್ದರೆ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಲು ಬಿಡಬೇಡಿ. ಅದರ ಬಿರುಕುಗಳಲ್ಲಿ ತುಂಬಿಸಿರುವ ಎಣ್ಣೆ ಹೊರಬಂದು, ಮುಚ್ಚಿದ್ದ ಗೆರೆಗಳು ಎದ್ದು ಕಾಣತೊಡಗುತ್ತವೆ. ಸರ್ವೀಸಿಗೆ ಕೊಡುವಾಗ ಹರಳಿರುವ ಭಾಗಗಳಿಗೆ ಪಾಲಿಶ್ ಮಾಡಬಾರದೆಂದು ಚೀಟಿಯಲ್ಲಿ ಬರೆಸಿರಿ. ಪಾಲಿಶ್ ಎಂದರೆ ಲೋಹದ ತೆಳು ಪದರವೊಂದನ್ನು ಸವೆಸಿ ತೆಗೆಯುವುದು. ಮಿಲಿಮೀಟರಿನ ಸಣ್ಣ ಭಾಗದಷ್ಟೇ ಇರುವ ಆ ಚಿನ್ನದ ಗುಂಡುಗಳು ಪದೇ ಪದೇ ಪಾಲಿಶ್ ಮಾಡಿದಂತೆ ಸವೆದು, ಹರಳುಗಳು ಒಂದೊಂದಾಗಿ ಕಳಚಿಕೊಳ್ಳಲು ಶುರುವಾಗುತ್ತದೆ.